ಮೃತ್ಯುಪತ್ರ ಬಂದ ದಾರಿ

ಮೈಸೂರು ಕಡೆಯವರು ‘ಉಯಿಲು’ ಎನ್ನುತ್ತಾರೆ. ಹಿಪ್ಪರಗಿ, ಜಮಖಂಡಿ, ಮುಧೋಳ, ಬೀಳಗಿಯ ಕಡೆ ಆ ಮಾತು ನಡೆಯುವುದಿಲ್ಲ. ಇಲ್ಲಿ ಅದು ಮೃತ್ಯುಪತ್ರ, ಮರಾಠಿ ಕಾಗದಪತ್ರಗಳ ಜೊತೆ ಬಂದು ಉಳಿದುಕೊಂಡ ಪದ. ಹೆಸರಿನಲ್ಲೇ ಸಾವು ಕೂತಿರುವುದರಿಂದ ಎಂಬತ್ತು ದಾಟಿದ ಹಿರಿಯರೂ ‘ಇನ್ನೂ ಗಟ್ಟಿ ಅದೀನಲ್ಲೋ ತಮ್ಮಾ, ಈಗ್ಯಾಕ ಅದು?’ ಎಂದು ಮಾತು ಹಾರಿಸುತ್ತಾರೆ. ‘ವಾಟ್ನಿ’ ಅನ್ನಿ, ಮನೆಯ ಎಲ್ಲರ ಕಿವಿ ನಿಮಿರುತ್ತದೆ. ಪಾಲು ಹಂಚುವುದು ಈ ನೆಲದ ಹಳೆಯ ವಿದ್ಯೆ. ಪಾಲು ಬರೆದಿಟ್ಟು ಸಾಯುವುದು ಹೊರಗಿನಿಂದ ಬಂದದ್ದು.

ಹಳೆಯ ವಿದ್ಯೆ ಎಂದದ್ದು ಅಭಿಮಾನಕ್ಕಲ್ಲ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ಟೀಕೆ ಬರೆದ. ಮಗ ಹುಟ್ಟಿದ ಗಳಿಗೆಯಲ್ಲೇ ಅಜ್ಜನ ಆಸ್ತಿಯಲ್ಲಿ ಅವನ ಹಕ್ಕೂ ಹುಟ್ಟುತ್ತದೆ ಎಂಬುದು ಅದರ ತಿರುಳು. 1810ರಲ್ಲಿ ಕೋಲ್‌ಬ್ರೂಕ್ ಅದರ ಪಾಲಿನ ಭಾಗವನ್ನು ಇಂಗ್ಲಿಷಿಗೆ ತಂದ. ಆಮೇಲೆ ‘ದಾಯಭಾಗ’ವನ್ನು ನಂಬಿದ ಬಂಗಾಳ ಬಿಟ್ಟರೆ ದೇಶದ ಬಹುಪಾಲು ಹಿಂದೂ ಮನೆಗಳ ಜಗಳ ಕಲ್ಯಾಣದಲ್ಲಿ ಬರೆದ ಗ್ರಂಥದ ಮೇಲೆ ತೀರ್ಮಾನವಾಗತೊಡಗಿತು. ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಅದೇ ಆಧಾರ.

ಈ ವ್ಯವಸ್ಥೆಯಲ್ಲಿ ಮೃತ್ಯುಪತ್ರಕ್ಕೆ ಜಾಗವೇ ಇರಲಿಲ್ಲ. ಕೂಡುಕುಟುಂಬದಲ್ಲಿ ಒಬ್ಬ ತೀರಿಕೊಂಡರೆ ಅವನ ಪಾಲು ಉಳಿದ ಗಂಡಸರಿಗೆ ತಾನಾಗಿ ಹರಿಯುತ್ತಿತ್ತು. ತನ್ನದಲ್ಲದ್ದನ್ನು ಅವನು ಯಾರಿಗೆ ಬರೆದಾನು? ಬರೆಯುವ ರೂಢಿ ಬೆಳೆದದ್ದು ಇಂಗ್ಲಿಷರ ಕೋರ್ಟಿದ್ದ ಬಂದರು ಪಟ್ಟಣಗಳ ಸಾಹುಕಾರರಲ್ಲಿ. 1870ರ ಹಿಂದೂ ವಿಲ್ಸ್ ಕಾಯ್ದೆ ಅದಕ್ಕೊಂದು ಚೌಕಟ್ಟು ಕೊಟ್ಟಿತು, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅದನ್ನು ಒಳಗೆ ಸೇರಿಸಿಕೊಂಡಿತು. ಸತ್ತವನ ಬರಹ ನಿಜವೆಂದು ಕೋರ್ಟು ಮುದ್ರೆ ಒತ್ತುವ ‘ಪ್ರೊಬೇಟ್’ ಹಿಂದೂಗಳಿಗೆ ಕಡ್ಡಾಯವಾದದ್ದು ಬಂಗಾಳದಲ್ಲಿ, ಮದ್ರಾಸು ಮತ್ತು ಮುಂಬಯಿ ನಗರಗಳ ಎಲ್ಲೆಯೊಳಗೆ. ಮುಂಬಯಿ ಪ್ರಾಂತ್ಯವೆಂಬ ಹೆಸರು ಬಿಜಾಪುರ, ಧಾರವಾಡದವರೆಗೂ ಹಬ್ಬಿತ್ತು, ಪ್ರೊಬೇಟಿನ ಬೇಲಿ ಮಾತ್ರ ಮುಂಬಯಿ ಪಟ್ಟಣ ದಾಟಲಿಲ್ಲ.

ಇನ್ನು ಈ ಸೀಮೆಯೋ, ಒಂದೇ ಅಂಗಳದಲ್ಲಿ ಮೂರ್ನಾಲ್ಕು ಒಲೆ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಇವತ್ತು ಒಂದೇ ಉಸಿರಿನಲ್ಲಿ ಹೇಳುವ ರಬಕವಿ–ಬನಹಟ್ಟಿಯಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿಗೂ ಸೇರಿದ್ದವು. ಅವಳಿ ಊರು, ಇಬ್ಬರು ರಾಜರು! 1948ರಲ್ಲಿ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ಕರಗಿದವು, 1956ರಲ್ಲಿ ಊರುಗಳು ಕನ್ನಡ ನಾಡಿಗೆ ಬಂದವು. ಅದೇ ವರ್ಷ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಬಂತು. ಕೂಡುಕುಟುಂಬದಲ್ಲಿ ತನಗೆ ಬರುವ ಪಾಲನ್ನು ಕೂಡ ಗಂಡಸು ಮೃತ್ಯುಪತ್ರದಲ್ಲಿ ಬರೆದಿಡಬಹುದು ಎಂದಿತು ಅದರ 30ನೇ ಕಲಮು. ವಿಜ್ಞಾನೇಶ್ವರನ ಮನೆಯ ಗೋಡೆಗೆ ಹೊಸ ಬಾಗಿಲು ಕೊರೆದದ್ದು ಅಲ್ಲಿ.

ಆದರೂ ಬಹುಕಾಲ ಆ ಬಾಗಿಲಿನಿಂದ ಓಡಾಡಿದವರು ಕಡಿಮೆ. ಊರ ಲೆಕ್ಕಿಗನಾದ ತಲಾಠಿಗೆ ವರ್ದಿ ಕೊಟ್ಟು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಏರಿಸಿಕೊಂಡರೆ ವಾಟ್ನಿ ಮುಗಿಯಿತು ಎಂಬ ಭಾವನೆ. ಮದುವೆಯಾದ ಅಕ್ಕತಂಗಿಯರ ಹೆಸರು ಆ ಹಾಳೆಗೆ ಬರುತ್ತಲೇ ಇರಲಿಲ್ಲ. ಬಂದರೂ ಪಂಚಮಿಗೆ ತವರಿಗೆ ಬಂದವಳು ‘ತವರ ಬಾಗ್ಲಾ ತೆರದಿದ್ರ ಸಾಕು’ ಎಂದು ಸಹಿ ಹಾಕಿ ಹೋಗುತ್ತಿದ್ದಳು. ಆ ಸಹಿಯ ಬೆಲೆ ಸೀರೆಯೋ, ಉಡಿಯಕ್ಕಿಯೋ.

ಅಲುಗಾಟ ಶುರುವಾದದ್ದು 1994ರ ಜುಲೈ 30ಕ್ಕೆ. ಕರ್ನಾಟಕದ ತಿದ್ದುಪಡಿ ಮಗಳಿಗೂ ಹುಟ್ಟಿನಿಂದ ಪಾಲು ಕೊಟ್ಟಿತು, ಅದಕ್ಕೆ ಮೊದಲೇ ಮದುವೆಯಾದವಳನ್ನು ಮಾತ್ರ ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಅಂದು ಅಪ್ಪ ಬದುಕಿರಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ಪಕ್ಕದ ಬೆಳಗಾವಿಯಲ್ಲಿ 1992ರಲ್ಲಿ ಹೂಡಿದ ದಾವೆಯಿಂದ, ಅದೇ ಫುಲಾವತಿ ಪ್ರಕರಣ. 2015ರಲ್ಲಿ ‘ಇರಬೇಕು’ ಎಂದ ಕೋರ್ಟು, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪಿನಲ್ಲಿ ‘ಬೇಕಿಲ್ಲ’ ಎಂದಿತು. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ಅಥವಾ ಕೋರ್ಟು ಡಿಕ್ರಿ ಮಾಡಿದ ವಾಟ್ನಿಗೆ ಕಾನೂನಿನ ರಕ್ಷಣೆಯಿದೆ. ಬಾಯಿಮಾತಿನದಕ್ಕೆ ಗಟ್ಟಿ ಸರ್ಕಾರಿ ದಾಖಲೆಯ ಬೆಂಬಲ ಬೇಕು. ವರ್ದಿಯ ಮೇಲೆ ನಿಂತ ಮನೆಗಳ ಪಾಯ ಎಷ್ಟು ಗಟ್ಟಿ ಎಂಬ ಪ್ರಶ್ನೆ ಆಗ ಎದ್ದಿತು.

ಮೃತ್ಯುಪತ್ರಕ್ಕೆ ನಿಜವಾದ ಗಿರಾಕಿ ಹುಟ್ಟಿದ್ದು ಆಗಲೇ ಎಂಬುದು ನನ್ನ ಅನುಮಾನ. ಸ್ವಯಾರ್ಜಿತವನ್ನು ಅಪ್ಪ ಯಾರಿಗಾದರೂ ಬರೆಯಬಹುದು, ಪಿತ್ರಾರ್ಜಿತದಲ್ಲಿ ತನ್ನ ಪಾಲಿನಷ್ಟನ್ನೇ. ಈ ಗೆರೆಯನ್ನು ಮರೆತು ‘ಎಲ್ಲಾ ಗಂಡುಮಕ್ಕಳಿಗೆ’ ಎಂದು ಬರೆಸುವುದೇ ಹೆಚ್ಚು. ಬರೆಯುವುದು ಸುಲಭ: ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ಸಾಬೀತುಪಡಿಸುವುದು ಕಷ್ಟ. ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದರೆ ಸಂಶಯ ನಿವಾರಿಸುವ ಹೊಣೆಯೂ ಅವನದೇ ಎಂದು ಮೈಸೂರಿನ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಂದಿಗೂ ವಕೀಲರ ಬಾಯಲ್ಲಿದೆ.

ಬನಹಟ್ಟಿಯ ಮಗ್ಗದ ಶೆಡ್ಡಿಗೆ ಬಂದರೆ ಗೋಜಲು ಬೇರೆ. ಅಣ್ಣತಮ್ಮಂದಿರು ಪಾಲುದಾರರಾಗಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಒಬ್ಬನ ಸಾವಿನೊಂದಿಗೆ ಫರ್ಮೂ ವಿಸರ್ಜನೆಯಾಗುತ್ತದೆ. 1932ರ ಪಾಲುದಾರಿಕೆ ಕಾಯ್ದೆ ಹಾಗಿದೆ. ಅಪ್ಪನೊಬ್ಬನದೇ ವ್ಯವಹಾರವಾದರೆ ಜಿಎಸ್‌ಟಿ ನಂಬರು ಅವನ ಪ್ಯಾನ್‌ಗೆ ಅಂಟಿಕೊಂಡಿರುವುದರಿಂದ ಮಗ ಹೊಸದಾಗಿ ನೋಂದಾಯಿಸಬೇಕು. ಮಗ್ಗ ನಿಲ್ಲುವುದಿಲ್ಲ, ನೂಲಿನ ವ್ಯಾಪಾರಿಯೂ ಕಾಯುವುದಿಲ್ಲ, ಕಾಗದವೊಂದೇ ಹಿಂದೆ ಬೀಳುತ್ತದೆ.

ತಾಲ್ಲೂಕು ಕೋರ್ಟುಗಳ ಆವರಣದ ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟಿದ್ದರೂ. ಅದು ಈಗ ಹೆಚ್ಚು ಬೇಕಾದೀತು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ಸೀರೆ–ಉಡಿಯಕ್ಕಿಗೆ ಬಿಟ್ಟುಕೊಟ್ಟ ಪಾಲಿನ ಲೆಕ್ಕವನ್ನು ಅಕ್ಕತಂಗಿಯರು ಮತ್ತೆ ಹಾಕುತ್ತಿದ್ದಾರೆ. ಉತಾರ ತೆಗೆಸಿದರೆ, ಎಷ್ಟೋ ಹೊಲಗಳಿಗೆ ಇನ್ನೂ ತೀರಿಹೋದ ಅಜ್ಜನೇ ಮಾಲಕ.