ಪರದೇಶದ ವಿದ್ಯೆ, ಸ್ವದೇಶದ ರಸ್ತೆ

ಭಾನುವಾರದ ಬಲಿಪೂಜೆ ಮುಗಿದ ಬಳಿಕ ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಗುರುನಿವಾಸಕ್ಕೆ ಬಂದು ಕುಳಿತರು. ಬಿ.ಇ. ಮುಗಿಸಿದ ಮಗ ಮೋಟಾರು ವಾಹನಗಳ ಸಂಶೋಧನೆ ಕಲಿಯಲು ಜರ್ಮನಿಗೆ ಹೋಗಬೇಕೆನ್ನುತ್ತಾನೆ. “ಮಾವಿನ ತೋಪನ್ನು ಬ್ಯಾಂಕಿಗೆ ಒತ್ತೆ ಇಡಬೇಕಾಗುತ್ತದೆ ಫಾದರ್. ಇಡಲೋ, ಬೇಡವೋ?” ತತ್ವಶಾಸ್ತ್ರ ಓದಿದವನಿಗೆ ತೋಪಿನ ಬೆಲೆ ತಿಳಿಯುವುದೆಂತು! ಆದರೂ ಬೆಂಗಳೂರಿನ ಚೇತನ್ ಮೈನಿಯವರ ವೃತ್ತಾಂತವನ್ನು ಅವರ ಮುಂದಿಟ್ಟೆನು.

1970ರಲ್ಲಿ ಜನಿಸಿದ ಮೈನಿಯವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು. ಅವರ ಜೀವನದ ದಿಕ್ಕನ್ನು ನಿರ್ಧರಿಸಿದ್ದು ತರಗತಿಯ ಪಾಠಕ್ಕಿಂತ ಹೆಚ್ಚಾಗಿ ವಿದ್ಯಾರ್ಥಿಗಳೇ ಕೂಡಿ ನಿರ್ಮಿಸಿದ ‘ಸನ್‌ರನ್ನರ್’ ಎಂಬ ಸೌರಶಕ್ತಿಯ ಕಾರು. ಆ ತಂಡದಲ್ಲಿ ಅವರೂ ಇದ್ದರು. 1990ರಲ್ಲಿ ಅದು ಫ್ಲಾರಿಡಾದಿಂದ ಮಿಷಿಗನ್‌ವರೆಗಿನ ಸ್ಪರ್ಧೆಯನ್ನು ಗೆದ್ದಿತು; ಅದೇ ವರ್ಷ ಆಸ್ಟ್ರೇಲಿಯದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಸುಮಾರು 3,000 ಕಿ.ಮೀ. ಓಡಿ ಜಗತ್ತಿನಲ್ಲಿ ಮೂರನೆಯ ಸ್ಥಾನ ಪಡೆಯಿತು. ಅಲ್ಲಿ ಎರಡನೆಯದಾಗಿ ಬಂದದ್ದು ಜಪಾನಿನ ಹೋಂಡಾ ಕಂಪನಿಯ ಕಾರು.

ಇಂಥ ಕಾರಿಗೆ ಬಿಸಿಲಿನಿಂದ ದೊರೆಯುವ ವಿದ್ಯುತ್ತು ಒಂದು ಇಸ್ತ್ರಿಪೆಟ್ಟಿಗೆ ಬಳಸುವಷ್ಟೇ. ಅಷ್ಟರಲ್ಲಿ ಮನುಷ್ಯನನ್ನು ಹೊತ್ತು ಖಂಡವನ್ನೇ ದಾಟಬೇಕಾದರೆ ತೂಕದಲ್ಲಿ ಒಂದೊಂದು ಕಿಲೋ, ಗಾಳಿಯ ತಡೆ, ಚಕ್ರದ ಘರ್ಷಣೆ, ಎಲ್ಲವನ್ನೂ ಲೆಕ್ಕವಿಟ್ಟು ಕಡಿಮೆ ಮಾಡಬೇಕು. ಮನೆ ಕಟ್ಟುತ್ತಲೇ ಮನುಷ್ಯ ಮನೆ ಕಟ್ಟುವವನಾಗುತ್ತಾನೆಂದು ಅರಿಸ್ಟಾಟಲನು ಹೇಳಿದ್ದು ಈ ಬಗೆಯ ಕಲಿಕೆಯನ್ನೇ. ಗುರುಮಠದಲ್ಲಿ ನಾವು ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದೆವು. ಆ ಹುಡುಗರು ಕೈಗೆ ಎಣ್ಣೆ ಮೆತ್ತಿಕೊಂಡು ಕಲಿತರು.

ಸ್ಟ್ಯಾನ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೈನಿಯವರು ಕ್ಯಾಲಿಫೋರ್ನಿಯದ ಅಮೆರಿಗಾನ್ ಕಂಪನಿಯಲ್ಲಿ ವಿದ್ಯುತ್ ವಾಹನಗಳ ಕೆಲಸದಲ್ಲಿ ತೊಡಗಿದರು. 1994ರಲ್ಲಿ ಆ ಕಂಪನಿಯೂ ಮೈನಿ ಸಮೂಹವೂ ಸೇರಿ ರೇವಾ ಕಂಪನಿಯನ್ನು ಸ್ಥಾಪಿಸಿದವು. ರೇವಾ ಎಂಬುದು ಅವರ ತಾಯಿಯ ಹೆಸರು. 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ಆ ಪುಟ್ಟ ಕಾರಿಗೆ ಎರಡೇ ಬಾಗಿಲು, ಪ್ಲಾಸ್ಟಿಕ್ ಹೊರಮೈ, ಸೀಸದ ಬ್ಯಾಟರಿ. ಮನೆಯ ಪ್ಲಗ್ಗಿಗೇ ಚುಚ್ಚಿ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಸನ್‌ರನ್ನರ್ ಕಲಿಸಿದ ಮಿತವ್ಯಯವೇ ಇಲ್ಲಿಯೂ ಕಾಣುತ್ತದೆ.

ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಅದು ಮಾರಾಟವಾಯಿತು. ನಮ್ಮಲ್ಲಿ ಕೊಳ್ಳುವವರು ವಿರಳ. ಅಪಘಾತದಲ್ಲಿ ಕಾರು ಎಷ್ಟು ಸುರಕ್ಷಿತ ಎಂಬ ಆಕ್ಷೇಪ 2007ರಲ್ಲಿ ಬ್ರಿಟನ್ನಿನಲ್ಲಿ ಬಲವಾಗಿ ಕೇಳಿಬಂದಿತು. ಅದು ಅನ್ಯಾಯದ ಆಕ್ಷೇಪವೆಂದು ನಾನು ಭಾವಿಸುವುದಿಲ್ಲ. 2010ರಲ್ಲಿ ಕಂಪನಿಯ ಬಹುಪಾಲು ಮಹೀಂದ್ರಕ್ಕೆ ಸೇರಿತು. ಮೈನಿಯವರು ಕೈಬಿಡಲಿಲ್ಲ, ಖಾಲಿಯಾದ ಬ್ಯಾಟರಿಯನ್ನು ಕೊಟ್ಟು ತುಂಬಿದ್ದನ್ನು ಪಡೆಯುವ ವ್ಯವಸ್ಥೆಗಾಗಿ 2017ರಲ್ಲಿ ಸನ್ ಮೊಬಿಲಿಟಿ ಎಂಬ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು.

ಇದನ್ನೆಲ್ಲ ಕೇಳಿದ ರೈತರು ಸುಮ್ಮನಿದ್ದು, “ಅವರಿಗೆ ಹಿಂದಿರುಗಲು ತಂದೆಯ ಕಾರ್ಖಾನೆ ಇತ್ತಲ್ಲ ಫಾದರ್” ಎಂದರು. ಮಾತು ನನ್ನನ್ನು ನಾಟಿತು. ತಲಾಂತುಗಳ ಸಾಮತಿಯಲ್ಲಿ ದೂರದೇಶಕ್ಕೆ ಹೋದವನು ಯಜಮಾನ; ಹಣವನ್ನು ವೃದ್ಧಿ ಮಾಡಬೇಕಾದವರು ಊರಿನಲ್ಲೇ ಉಳಿದ ಸೇವಕರು. ನಮ್ಮಲ್ಲಿ ಸೇವಕನೇ ದೂರದೇಶಕ್ಕೆ ಹೊರಡಬೇಕು, ಅದೂ ಸಾಲದ ಹಣದಲ್ಲಿ.

ಆದರೆ ಕೋಲಾರವೂ ಮೊದಲಿನಂತಿಲ್ಲ. ಅಂದು ಆಸ್ಟ್ರೇಲಿಯದಲ್ಲಿ ಎರಡನೆಯದಾಗಿ ಬಂದ ಅದೇ ಹೋಂಡಾ 2013ರಲ್ಲಿ ನಮ್ಮ ನರಸಾಪುರದಲ್ಲಿ ದ್ವಿಚಕ್ರ ವಾಹನಗಳ ಕಾರ್ಖಾನೆ ತೆರೆಯಿತು. ಮಾಲೂರು, ಮುಳಬಾಗಿಲು ಕಡೆಯ ನಮ್ಮ ಯುವಕರು ಆ ಭಾಗದ ಕಾರ್ಖಾನೆಗಳಲ್ಲಿ ಪಾಳಿಯ ಕೆಲಸ ಮಾಡುತ್ತಾರೆ. ಬೋಲ್ಟು ಬಿಗಿಯುವವರು ನಮ್ಮವರು. ಆ ಬೋಲ್ಟು ಅಲ್ಲೇಕೆ ಇರಬೇಕೆಂದು ನಿರ್ಧರಿಸುವ ಮೇಜಿನ ಮುಂದೆ ನಮ್ಮವರು ಇನ್ನೂ ಅಪರೂಪ.

ಆದುದರಿಂದ ತೋಪಿನ ಮಾತನ್ನು ಬದಿಗಿಟ್ಟು, ಮಗನನ್ನು ಒಂದು ಪ್ರಶ್ನೆ ಕೇಳುವಂತೆ ಹೇಳಿದೆನು: ಅಲ್ಲಿ ಯಾವ ಪದವಿ ಎಂದಲ್ಲ, ಅಲ್ಲಿ ಏನನ್ನು ಕಟ್ಟಲು ಕಲಿಯುವೆ ಎಂದು. ಮರುವಾರ ಹುಡುಗನೇ ಬಂದನು. ಮಾವಿನ ಹಣ್ಣನ್ನು ಮಂಡಿಗೆ ಸಾಗಿಸಲು ಬ್ಯಾಟರಿಯ ಚಿಕ್ಕ ಗಾಡಿಯೊಂದರ ಚಿತ್ರವನ್ನು ನೋಟುಪುಸ್ತಕದಲ್ಲಿ ಬರೆದು ತಂದಿದ್ದನು. ಲೆಕ್ಕದಲ್ಲಿ ಬ್ಯಾಟರಿಯ ತೂಕವನ್ನು ಸೇರಿಸಲು ಮರೆತಿದ್ದನೆಂದು ತಾನೇ ನಗುತ್ತಾ ಹೇಳಿದನು. ತೋಪನ್ನು ಇನ್ನೂ ಒತ್ತೆ ಇಟ್ಟಿಲ್ಲ.