ಕಡಲ ಮೇಲಿನ ಜಾಡು: ಮೀನುಗಾರಿಕೆ ನಕ್ಷೆಯ ಪ್ರಾಯೋಗಿಕ ಆವೃತ್ತಿ

ಓಷಿಯಾನಾ, ಸ್ಕೈಟ್ರೂತ್ ಮತ್ತು ಗೂಗಲ್ ಸಂಸ್ಥೆಗಳು ಜೊತೆಗೂಡಿ ರೂಪಿಸಿದ ‘ಗ್ಲೋಬಲ್ ಫಿಶಿಂಗ್ ವಾಚ್’ ಎಂಬ ಅಂತರ್ಜಾಲ ನಕ್ಷೆಯು 2016ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್‌ನ ‘ಅವರ್ ಓಷನ್’ ಸಮ್ಮೇಳನದಲ್ಲಿ ಬೀಟಾ ಆವೃತ್ತಿಯಾಗಿ, ಎಂದರೆ ಬಳಕೆಯಲ್ಲಿದ್ದೇ ತಿದ್ದುಪಡಿಗೊಳ್ಳಬೇಕಾದ ಪ್ರಾಯೋಗಿಕ ರೂಪದಲ್ಲಿ, ಸಾರ್ವಜನಿಕರಿಗೆ ತೆರೆದುಕೊಂಡಿತು.

ಇದಕ್ಕೆ ಆಧಾರ ಎಐಎಸ್: ಹಡಗುಗಳು ಪರಸ್ಪರ ಡಿಕ್ಕಿಯಾಗದಿರಲೆಂದು ತಮ್ಮ ಗುರುತು, ಸ್ಥಾನ, ವೇಗ, ದಿಕ್ಕುಗಳನ್ನು ರೇಡಿಯೊ ಮೂಲಕ ತಾವಾಗಿಯೇ ಸಾರುವ ವ್ಯವಸ್ಥೆ. ಉಪಗ್ರಹಗಳು ಹಿಡಿದ ಈ ಸಂಕೇತಗಳಲ್ಲಿನ ಚಲನೆಯ ರೀತಿಯಿಂದಲೇ ಗಣಕವು ಹಡಗಿನ ಕೆಲಸವನ್ನು ಊಹಿಸುತ್ತದೆ. ಸರಕು ಹಡಗು ಒಂದೇ ವೇಗದಲ್ಲಿ ನೇರವಾಗಿ ಸಾಗಿದರೆ, ಬಲೆ ಎಳೆಯುವ ಟ್ರಾಲರ್ ನಿಧಾನವಾಗಿ ಹೋಗಿ, ತಿರುಗಿ, ಅದೇ ಜಾಗಕ್ಕೆ ಮರಳುವುದರಿಂದ ಅದರ ಜಾಡು ಉತ್ತ ಹೊಲದ ಸಾಲುಗಳಂತೆ ಕಾಣುತ್ತದೆ.

ಪೆಸಿಫಿಕ್‌ನ ಕಿರಿಬಾಟಿ ದೇಶವು 2015ರ ಜನವರಿ 1ರಿಂದ ಫೀನಿಕ್ಸ್ ದ್ವೀಪಗಳ ಸಂರಕ್ಷಿತ ವಲಯದಲ್ಲಿ ವಾಣಿಜ್ಯ ಮೀನುಗಾರಿಕೆಯನ್ನು ನಿಷೇಧಿಸಿದ ಮೇಲೆ, ಅಲ್ಲಿ ಕಿಕ್ಕಿರಿದಿದ್ದ, ಮೀನುಗಾರಿಕೆಯನ್ನು ಸೂಚಿಸುವ ಚುಕ್ಕೆಗಳು ಗಡಿಯಾಚೆ ಸರಿದುದು ನಕ್ಷೆಯಲ್ಲಿ ಸ್ಪಷ್ಟವಾಗಿ ಕಂಡಿತು. ಆಜ್ಞೆಯ ಪಾಲನೆಗೆ ಇದಕ್ಕಿಂತ ನೇರವಾದ ಸಾಕ್ಷ್ಯ ದೊರೆಯುವುದು ಅಪರೂಪವೇ ಸರಿ.

ಆದರೆ ಸಣ್ಣ ದೋಣಿಗಳಲ್ಲಿ ಎಐಎಸ್ ಸಾಮಾನ್ಯವಾಗಿ ಇರುವುದಿಲ್ಲ, ದೊಡ್ಡ ಹಡಗಿನವರು ಬೇಕೆಂದಾಗ ಅದನ್ನು ಆರಿಸಿಬಿಡಲೂಬಹುದು. ಆದುದರಿಂದ ನಕ್ಷೆಯ ಖಾಲಿ ಭಾಗವನ್ನು ಮೀನುಗಾರಿಕೆಯೇ ಇಲ್ಲದ ಕಡಲೆಂದು ಓದಲಾಗದು. ಮಾಹಿತಿಯೂ ಸುಮಾರು 72 ಗಂಟೆ ತಡವಾಗಿಯೇ ಪರದೆಗೆ ಬರುತ್ತಿತ್ತು.