ಅಪ್ಪನ ಹಳೇ ಕಂಪ್ಯೂಟರಿಗೆ ವೈಫೈ ಹಿಡಿಸಿದ್ದು

ಹೋದ ವರ್ಷ ಹತ್ತಿ ಬಿಡಿಸೋ ಹೊತ್ತಿಗೆ ರಾಯಚೂರಿನ ಒಂದು ದಲ್ಲಾಳಿ ಅಂಗಡಿಯಿಂದ ಫೋನ್ ಬಂತು. "ನಿಮ್ಮಪ್ಪನ ಹೆಸರಲ್ಲಿ ಹಳೇ ಬಾಕಿ 64 ಸಾವಿರ ಅದ. ಈ ಸಲ ಮಾಲು ತಂದಾಗ ಮುರಕೋತೀವಿ" ಅಂದರು. ಅಪ್ಪ ತೀರಿಕೊಂಡು ಆಗಲೇ ಎರಡು ವರ್ಷ. ಬಾಕಿ ಇತ್ತೋ ಇಲ್ಲವೋ ನನಗೇನು ಗೊತ್ತು? ಅವ್ವನ್ನ ಕೇಳಿದರೆ, "ಎಲ್ಲಾ ಆ ಡಬ್ಬಿಯೊಳಗ ಬರದಿಡ್ತಿದ್ದ ನೋಡಪಾ" ಅಂದಳು.

ಡಬ್ಬಿ ಅಂದರೆ ಕಂಪ್ಯೂಟರ್. ದೇವದುರ್ಗ ತಾಲೂಕಿನ ನಮ್ಮೂರಲ್ಲಿ ನಾರಾಯಣಪುರ ಬಲದಂಡೆ ಕಾಲುವೆ ನೀರು ನಂಬಿಕೊಂಡ ಹೊಲ ನಮ್ಮದು. ಅಪ್ಪ ರಾಯಚೂರಿನಿಂದ ಸೆಕೆಂಡ್ ಹ್ಯಾಂಡಿಗೆ ತಂದಿದ್ದ ಆ ಮಷೀನು ಹತ್ತಿ ಗೋಣಿಚೀಲದ ಕೆಳಗೆ ಧೂಳು ತಿನ್ನುತ್ತಾ ಕೂತಿತ್ತು. ವಿಂಡೋಸ್ 7, ಎರಡು ಜಿಬಿ ರ‍್ಯಾಮ್.

ಬಟನ್ ಒತ್ತಿದರೆ ಬರೀ ಕುಂಯ್ ಕುಂಯ್ ಸದ್ದು, ಪರದೆ ಕಪ್ಪು. ಇದು ಹಳೇ ಮಷೀನಿನ ಮಾಮೂಲಿ ರೋಗ. ಕರೆಂಟಿನ ವೈರ್ ಕಿತ್ತು, ಪಕ್ಕದ ಬಾಗಿಲು ತೆಗೆದು, ರ‍್ಯಾಮ್ ಪಟ್ಟಿ ಹೊರಗೆ ತೆಗೆದು ಅದರ ಬಂಗಾರದ ಬಣ್ಣದ ಹಲ್ಲುಗಳನ್ನ ತಂಗಿಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದೆ. ಶುರು ಆಯ್ತು.

ಫೈಲ್ ಸಿಕ್ಕಿತು. ಯಾವ ದಿನ ಎಷ್ಟು ಕ್ವಿಂಟಾಲ್, ಯಾವ ಲಾರಿ, ಬಿಡಿಸಿದ ಕೂಲಿ, ಉದ್ರಿ ತಂದ ಗೊಬ್ಬರ, ಎಲ್ಲಾ ನುಡಿ ಅಕ್ಷರದಲ್ಲಿ ಅಪ್ಪ ಒಂದೊಂದೇ ಬೆರಳಿಂದ ಕುಟ್ಟಿದ್ದು. ಪೆನ್‌ಡ್ರೈವಿಗೆ ಹಾಕಿ ಫೋನಿನಲ್ಲಿ ತೆರೆದರೆ ಒಂದಕ್ಷರ ಕನ್ನಡ ಇಲ್ಲ, ಎಲ್ಲಾ ಇಂಗ್ಲಿಷ್ ಅಕ್ಷರದ ಕಸ. ಹಳೇ ನುಡಿ ಫಾಂಟಿನ ಬರಹ ಹಾಗೇ; ಆ ಫಾಂಟ್ ಇಲ್ಲದ ಕಡೆ ಕನ್ನಡ ಕಾಣಲ್ಲ. ಯೂನಿಕೋಡಿಗೆ ಬದಲಾಯಿಸಬೇಕು. ಬದಲಾಯಿಸೋ ಸಾಧನ ಇಂಟರ್ನೆಟ್ಟಿನಲ್ಲಿ ಇದ್ದಾವೆ, ಆದರೆ ಆರು ವರ್ಷದ ಲೆಕ್ಕವನ್ನ ಫೋನಿನ ಅಂಗೈಯಗಲ ಪರದೆ ಮೇಲೆ ಮಾಡೋದು ಆಗದ ಮಾತು. ಹಾಗಾಗಿ ಕಂಪ್ಯೂಟರಿಗೇ ನೆಟ್ ಬೇಕಾಯ್ತು.

ಆದರೆ ಹಳೇ ಡೆಸ್ಕ್‌ಟಾಪಿಗೆ ವೈಫೈ ಕಿವಿ ಇರಲ್ಲ. ಹಿಂದೆ ಲ್ಯಾನ್ ವೈರಿನ ತೂತು ಮಾತ್ರ. ನಮ್ಮೂರಿಗೆ ವೈರ್ ಎಲ್ಲಿಂದ ತರೋದು? ರಾಯಚೂರಿಗೆ ಹೋದಾಗ ಒಂದು ಯುಎಸ್‌ಬಿ ವೈಫೈ ಡಾಂಗಲ್ ತಂದೆ, ಐನೂರರ ಒಳಗೆ ಸಿಕ್ಕಿತು. ಚುಚ್ಚಿದರೆ ಕೆಲಸ ಮಾಡಲಿಲ್ಲ, ಡ್ರೈವರ್ ಬೇಕಂತೆ. ಡ್ರೈವರ್ ಸಣ್ಣ ಸಿಡಿಯಲ್ಲಿತ್ತು, ನಮ್ಮ ಸಿಡಿ ಡ್ರೈವ್ ಸತ್ತು ಯಾವ ಕಾಲ ಆಗಿತ್ತೋ. ನೆಟ್ಟಿನಿಂದ ಇಳಿಸಿಕೊಳ್ಳೋಣ ಅಂದರೆ ನೆಟ್ ಬರಬೇಕಾದರೇ ಡ್ರೈವರ್ ಬೇಕು. ಹುಚ್ಚು ಬಿಡದ ಹೊರತು ಮದುವೆ ಆಗಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ.

ಮಾನ್ವಿಯಿಂದ ಭಾವ ಬಂದಿದ್ದ. ಅವನ ಭತ್ತ ಕೊಯ್ಯೋ ಮಷೀನು ಇನ್ನೂ ಬಂದಿರಲಿಲ್ಲ, ಅದಕ್ಕೇ ಪುರುಸೊತ್ತು. ನನ್ನ ಪರದಾಟ ನೋಡಿ ನಕ್ಕ. "ಕಿಸೆದಾಗ ನೆಟ್ ಇಟ್ಕೊಂಡು ಊರೆಲ್ಲಾ ಹುಡುಕ್ಲಿಕತ್ತೀಯಲ್ಲೋ. ಚಾರ್ಜಿಂಗ್ ವೈರ್ ಹಚ್ಚು" ಅಂದ. ಫೋನನ್ನ ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಸೆಟ್ಟಿಂಗ್ಸಿನಲ್ಲಿ ಹಾಟ್‌ಸ್ಪಾಟ್ ಪುಟಕ್ಕೆ ಹೋಗಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡೋದು, ಇಷ್ಟೇ. ನನ್ನ ವೈರಿನಲ್ಲಿ ಆ ಆಯ್ಕೆ ಮಂಕಾಗೇ ಇತ್ತು, ಒತ್ತಲಿಕ್ಕೇ ಬರಲಿಲ್ಲ. ಸಂತೆಯಲ್ಲಿ ತಗೊಂಡ ಅಗ್ಗದ ವೈರು, ಕರೆಂಟ್ ಮಾತ್ರ ಒಯ್ಯುತ್ತೆ, ಡೇಟಾ ಒಯ್ಯಲ್ಲ. ಭಾವನ ಫೋನಿನ ಜೊತೆ ಬಂದಿದ್ದ ವೈರ್ ಹಚ್ಚಿದಾಗ ಕೆಳಗಿನ ಮೂಲೆಯಲ್ಲಿ ನೆಟ್ ಬಂತು.

ಬಂತು, ಆದರೆ ಯಾವ ಪುಟವೂ ತೆರೀಲಿಲ್ಲ! ಸುರಕ್ಷಿತ ಅಲ್ಲ, ಸುರಕ್ಷಿತ ಅಲ್ಲ ಅಂತ ಒಂದೇ ರಾಗ. ಅರ್ಧ ತಾಸು ತಲೆ ಕೆಡಿಸಿಕೊಂಡ ಮೇಲೆ ಗಡಿಯಾರ ನೋಡಿದೆ, ಕಂಪ್ಯೂಟರ್ ಇನ್ನೂ 2009ರಲ್ಲೇ ಇತ್ತು. ಒಳಗಿನ ಬೋರ್ಡಿನ ಮೇಲೆ ನಾಣ್ಯದಂಥ ಸಿಆರ್2032 ಸೆಲ್ ಇರುತ್ತೆ; ಅದು ಸತ್ತರೆ ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗುತ್ತೆ, ತಾರೀಖು ತಪ್ಪಿದರೆ ವೆಬ್‌ಸೈಟುಗಳ ಪ್ರಮಾಣಪತ್ರ ಒಪ್ಪಿಗೆ ಆಗಲ್ಲ. ಮೊದಲು ಕೈಯಿಂದ ತಾರೀಖು ಸರಿ ಮಾಡಿದೆ, ಸೆಲ್ ಆಮೇಲೆ ಹಾಕಿಸಿದೆ. ಹಳೇ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅಂತೂ ಬಿಟ್ಟುಬಿಡ್ರಿ. ಕ್ರೋಮ್ ವಿಂಡೋಸ್ 7ಕ್ಕೆ 109ನೇ ಆವೃತ್ತಿಗೇ ನಿಂತದ. ನಾನು ಫೈರ್‌ಫಾಕ್ಸ್ 115 ಇಎಸ್ಆರ್ ಹಾಕಿಕೊಂಡೆ.

ಡ್ರೈವರ್ ಇಳಿಸಿದೆ, ಡಾಂಗಲ್ ದೀಪ ಮಿನುಗಿತು. ವೈರಿನಲ್ಲೇ ನೆಟ್ ಬರುವಾಗ ಡಾಂಗಲ್ ಯಾಕೆ ಅಂತೀರೇನು? ಗೂಟಕ್ಕೆ ಕಟ್ಟಿದ ಎತ್ತಿನ ಹಾಗೆ ಫೋನ್ ಅಲ್ಲೇ ಬಿದ್ದಿರಬೇಕು, ಕರೆ ಬಂದರೆ ಬಗ್ಗಿಕೊಂಡು ಮಾತಾಡಬೇಕು. ಅದಕ್ಕೇ.

ಈಗ ಪಕ್ಕದ ಮನೆಯ ವೈಫೈ ಕಾಣುತ್ತೆ, ನನ್ನದೇ ಫೋನಿನ ಹಾಟ್‌ಸ್ಪಾಟ್ ಕಾಣಲ್ಲ. ಇಲ್ಲೇ ಬಹಳ ಮಂದಿ ಡಾಂಗಲ್ ಕೆಟ್ಟದ್ದು ಅಂತ ವಾಪಸ್ ಕೊಟ್ಟು ಬರೋದು. ಹೊಸ ಫೋನುಗಳು ಹಾಟ್‌ಸ್ಪಾಟನ್ನ 5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಬಿಡಬಹುದು. ಅಗ್ಗದ ಡಾಂಗಲಿಗೆ 2.4 ಮಾತ್ರ ಕೇಳಿಸುತ್ತೆ. ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡ್ 2.4 ಮಾಡ್ರಿ. ಸೆಕ್ಯುರಿಟಿ ಡಬ್ಲ್ಯುಪಿಎ3 ಇದ್ದರೆ ಡಬ್ಲ್ಯುಪಿಎ2 ಮಾಡ್ರಿ. ಮರುಕ್ಷಣ ಹೆಸರು ಬಂತು, ಪಾಸ್‌ವರ್ಡ್ ಕೇಳಿತು, ಮುಗೀತು.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿದೆ. ಹೊಸ ಕಳ್ಳರಿಗೆ ಹಳೇ ಬೀಗ. ಪಹಣಿ ನೋಡ್ರಿ, ಕೃಷಿ ವಿಶ್ವವಿದ್ಯಾಲಯದ ಪುಟ ಓದ್ರಿ, ಲೆಕ್ಕ ಬರೀರಿ. ಬ್ಯಾಂಕು, ಆಧಾರ್, ಓಟಿಪಿ ಕೆಲಸ ಮಾತ್ರ ಅದರಲ್ಲಿ ಬೇಡ. ಎರಡು ಜಿಬಿ ರ‍್ಯಾಮ್, 64 ಬಿಟ್ ಪ್ರೊಸೆಸರ್ ಇದ್ದರೆ ಲಿನಕ್ಸ್ ಮಿಂಟ್ ಬಿಟ್ಟಿ ಸಿಗುತ್ತೆ, ಹಾಕಿಕೊಳ್ಳಬಹುದು. ಆದರೆ ಹಾಕೋ ಮುಂಚೆ ಹಳೇ ಫೈಲೆಲ್ಲ ಎರಡು ಕಡೆ ನಕಲು ಇಡ್ರಿ. ನಾನು ಇನ್ನೂ ಹಾಕಿಲ್ಲ, ಧೈರ್ಯ ಆಗಿಲ್ಲ.

ರಾತ್ರಿ ಹನ್ನೊಂದಕ್ಕೆ ಲೆಕ್ಕ ಎಲ್ಲಾ ಯೂನಿಕೋಡ್ ಆಯ್ತು. ಬೆಳಿಗ್ಗೆ ಅದನ್ನ ಫೋನಿಗೆ ಹಾಕಿಕೊಂಡು, ದೇವದುರ್ಗದಲ್ಲಿ ಪ್ರಿಂಟ್ ತೆಗೆಸಿ ರಾಯಚೂರಿಗೆ ಹೋದೆ. ಕಾರಹುಣ್ಣಿಮೆ ಮರುದಿನ 20 ಸಾವಿರ ಕೈಗೆ ಕೊಟ್ಟಿದ್ದನ್ನ ಅಪ್ಪ ಬರೆದಿದ್ದ, ಯಾರ ಕೈಗೆ ಅಂತಲೂ ಬರೆದಿದ್ದ. ಸಾಹುಕಾರರ ವಹಿಯಲ್ಲಿ ಅದು ಇರಲಿಲ್ಲ. ಅವರ ವಹಿಯಲ್ಲಿ ಅಪ್ಪನ ಸಹಿ ಇದ್ದ 6 ಸಾವಿರದ ಔಷಧಿ ಉದ್ರಿ ಇತ್ತು, ಅಪ್ಪನ ಫೈಲಿನಲ್ಲಿ ಇರಲಿಲ್ಲ. ಅದನ್ನ ನಾನು ಒಪ್ಪಿಕೊಂಡೆ. ಹಣ ಇಸಕೊಂಡ ಗುಮಾಸ್ತನನ್ನ ಕರೆದು ಕೇಳಿದರು. ಅವನು ಕೊಂಚ ಹೊತ್ತು ನೆಲ ನೋಡಿ ಹೌದಂದ. 64 ಇದ್ದದ್ದು 44ಕ್ಕೆ ಬಂತು.

ಎರಡನೇ ಸಲದ ಹತ್ತಿ ಮಾರಿ ಅದನ್ನ ತೀರಿಸಿದೆ, ರಸೀದಿ ತಗೊಂಡೆ. ಅಪ್ಪನ ಫೈಲಿನ ಕೊನೇ ಸಾಲಿನ ಕೆಳಗೆ ಅದನ್ನೂ ಬರೆದೀನಿ. ಈಗ ದಿನಾ ಸಂಜೆ ತಂಗಿ ಓದು ಅಂತ ಡಬ್ಬಿ ಮುಂದೆ ಕೂತಿರ್ತಾಳೆ, ನನ್ನ ದಿನದ ಒಂದೂವರೆ ಜಿಬಿ ಎಂಟು ಗಂಟೆಗೇ ಖಾಲಿ.